ಜಾಣತನ ಹೇಡಿತನವಲ್ಲ



ಹೋದ ಭಾನುವಾರ ಕನ್ನಡ ಬಲಿಪೂಜೆ ಮುಗಿದು, ತಮಿಳು ಪೂಜೆಗೆ ಜನ ಬರುತ್ತಿದ್ದ ಹೊತ್ತಿನಲ್ಲಿ, ನಮ್ಮ ಯುವಕನೊಬ್ಬ ದೇವಾಲಯದ ಮೆಟ್ಟಿಲ ಬಳಿ ನನ್ನನ್ನು ನಿಲ್ಲಿಸಿದ. "ಸ್ವಾಮಿ, ಅನ್ಯಾಯ ಕಂಡಾಗ ಯೇಸು ಸುಮ್ಮನಿರಲಿಲ್ಲ. ನೀವು ಗುರುಗಳು ಮಾತ್ರ ಯಾವಾಗಲೂ ಜಾಗ್ರತೆ, ಜಾಗ್ರತೆ ಅನ್ನುತ್ತೀರಿ. ಅದು ಹೆದರಿಕೆಗೆ ಇಟ್ಟ ಒಳ್ಳೆಯ ಹೆಸರಲ್ಲವೇ?" ಎಂದು ಕೇಳಿದ. ಪ್ರಶ್ನೆ ಸರಿಯಾಗಿಯೇ ಇತ್ತು. ಮೆಟ್ಟಿಲ ಮೇಲೆ ನಿಂತು ಹೇಳಿ ಮುಗಿಸುವ ಉತ್ತರ ಅದಲ್ಲವಾದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಯೇಸುಸ್ವಾಮಿ ಹನ್ನೆರಡು ಮಂದಿಯನ್ನು ಕಳುಹಿಸುವಾಗ, ತೋಳಗಳ ನಡುವೆ ಕುರಿಗಳನ್ನು ಬಿಡುತ್ತಿದ್ದೇನೆಂದು ಮುಚ್ಚುಮರೆಯಿಲ್ಲದೆ ಹೇಳಿದರು. ಆ ಕುರಿಗಳಿಂದ ಅವರು ಕೇಳಿದ್ದು ಎರಡು: ಹಾವಿನ ಜಾಣತನ, ಪಾರಿವಾಳದ ನಿಷ್ಕಪಟತನ (ಮತ್ತಾಯ 10:16). ಒಂದನ್ನು ಹಿಡಿದು ಇನ್ನೊಂದನ್ನು ಬಿಡಿ ಎನ್ನಲಿಲ್ಲ. ಸ್ವತಃ ಅವರೂ ಹಾಗೆಯೇ ನಡೆದರು. ನಜರೇತಿನಲ್ಲಿ ಜನ ಬೆಟ್ಟದಿಂದ ತಳ್ಳಲು ಬಂದಾಗ ಅವರ ನಡುವಿನಿಂದಲೇ ಹೊರಟುಹೋದರು. ಕೊಲ್ಲುವ ಸಂಚು ಗೊತ್ತಾದಾಗ ಕೆಲವು ಕಾಲ ಬಹಿರಂಗವಾಗಿ ಓಡಾಡುವುದನ್ನು ನಿಲ್ಲಿಸಿದರು (ಯೊವಾನ್ನ 11:54). ತಮ್ಮ ಗಳಿಗೆ ಬಂದಾಗ ಮಾತ್ರ ಹಿಂದೆ ಸರಿಯಲಿಲ್ಲ. ವಿಚಾರಣೆಯಲ್ಲಿ ಕೆನ್ನೆಗೆ ಹೊಡೆದವನನ್ನು ತಿರುಗಿ ಹೊಡೆಯಲಿಲ್ಲ, ತಲೆತಗ್ಗಿಸಿ ಸುಮ್ಮನಾಗಲೂ ಇಲ್ಲ. ಯಾಕೆ ಹೊಡೆದೆ ಎಂದು ಕೇಳಿದರು.

ಈ ಎರಡು ಗುಣಗಳು ಒಂದು ದೇಶದ ಬಾಳಿನಲ್ಲಿ ಹೇಗೆ ಕೂಡಿದವು ಎಂಬುದಕ್ಕೆ ಪೋಲೆಂಡ್ ನಮ್ಮ ಕಾಲದ ಸಾಕ್ಷಿ. ಅಲ್ಲಿನ ಧರ್ಮಸಭೆ ಇದೇ ಅಕ್ಟೋಬರ್ 19ರಂದು ಪುನೀತ ಜೆರ್ಜಿ ಪೊಪಿಯೆಲೂಷ್ಕೊ ಎಂಬ ಗುರುವನ್ನು ಸ್ಮರಿಸುತ್ತದೆ. ಅವರ ಕಥೆಗೆ ಮೊದಲು ಅವರ ಜನರ ಕಥೆ ಕೇಳಿ.

1970ರ ಡಿಸೆಂಬರಿನಲ್ಲಿ, ಕ್ರಿಸ್ತಜಯಂತಿಗೆ ಎರಡು ವಾರವಿರುವಾಗ, ಅಲ್ಲಿನ ಕಮ್ಯುನಿಸ್ಟ್ ಸರ್ಕಾರ ಆಹಾರ ಪದಾರ್ಥಗಳ ಬೆಲೆ ಏರಿಸಿತು. ಬಾಲ್ಟಿಕ್ ಕರಾವಳಿಯ ಹಡಗುಕಟ್ಟೆಗಳ ಕಾರ್ಮಿಕರು ಬೀದಿಗಿಳಿದರು. ಗ್ದಾನ್ಸ್ಕ್ ನಗರದಲ್ಲಿ ಸಿಟ್ಟು ಮಿತಿಮೀರಿ ಪಕ್ಷದ ಕಚೇರಿಗೆ ಬೆಂಕಿ ಬಿತ್ತು. ಸರ್ಕಾರ ಸೈನ್ಯವನ್ನು ತಂದು ಗುಂಡು ಹಾರಿಸಿತು. ಪಕ್ಕದ ಗ್ದಿನಿಯಾದಲ್ಲಿ ಬೆಳಗಿನ ಕೆಲಸಕ್ಕೆ ಹೊರಟಿದ್ದವರ ಮೇಲೂ ಗುಂಡು ಬಿತ್ತು. ಕರಾವಳಿಯ ಊರುಗಳಲ್ಲಿ ಸತ್ತವರು 40ಕ್ಕೂ ಹೆಚ್ಚು. ಕೊಂದ ಪಾಪ ಕೊಂದವರದ್ದೇ, ಅದರಲ್ಲಿ ಅನುಮಾನವಿಲ್ಲ. ಆದರೆ ಉಳಿದವರು ಅತ್ತು ಸುಮ್ಮನಾಗಲಿಲ್ಲ. ಮುಂದಿನ ಸಲ ಹೇಗೆ ಎಂದು ಯೋಚಿಸಿದರು.

ಆ ಮುಂದಿನ ಸಲ 1980ರ ಆಗಸ್ಟಿನಲ್ಲಿ ಬಂತು. ನಿವೃತ್ತಿಗೆ ಕೆಲವೇ ತಿಂಗಳಿದ್ದ ಅನ್ನಾ ವಲೆಂತಿನೋವಿಚ್ ಎಂಬ ಕ್ರೇನ್ ಚಾಲಕಿಯನ್ನು ಗ್ದಾನ್ಸ್ಕ್ ಹಡಗುಕಟ್ಟೆಯಿಂದ ತೆಗೆದುಹಾಕಿದರು. ಕಾರ್ಮಿಕರು ಮುಷ್ಕರ ಹೂಡಿದರು. ಆದರೆ ಈ ಸಲ ಬೀದಿಗೆ ಹೋಗಲಿಲ್ಲ. ಹಡಗುಕಟ್ಟೆಯ ಗೇಟು ಮುಚ್ಚಿಕೊಂಡು ಒಳಗೇ ಕೂತರು. ಬೀದಿಯಲ್ಲಿ ಬಂದೂಕಿನ ಬಲ ದೊಡ್ಡದು. ಕೆಲಸದ ಜಾಗದಲ್ಲಿ ಕೈಕಟ್ಟಿ ಕೂತವನ ಮುಂದೆ ಬಂದೂಕಿಗೆ ಏನು ಮಾಡಬೇಕೆಂದು ತಿಳಿಯದು: ಅವನನ್ನು ಕೊಂದರೆ ಹಡಗು ಕಟ್ಟುವವರು ಯಾರು? ಅವರು ಒಳಗೆ ಮದ್ಯವನ್ನು ನಿಷೇಧಿಸಿದರು. ಕುಡಿದವನೊಬ್ಬ ಕಲ್ಲೆಸೆದರೆ ಸಾಕು, ಸರ್ಕಾರ ಕಾಯುತ್ತಿದ್ದ ನೆಪ ಸಿಕ್ಕಿಬಿಡುತ್ತಿತ್ತು. ಗೇಟಿನ ಮೇಲೆ ಮಾತೆ ಮರಿಯಮ್ಮನವರ ಮತ್ತು ಪೋಪ್ ಎರಡನೇ ಜಾನ್ ಪೌಲರ ಚಿತ್ರ ತೂಗುಹಾಕಿದರು. ಭಾನುವಾರ ಆ ಗೇಟಿನ ಬಳಿಯೇ ಬಲಿಪೂಜೆ ನಡೆಯಿತು.

ಮೂರನೆಯ ದಿನ ಆಡಳಿತದವರು ಆ ಹಡಗುಕಟ್ಟೆಯವರ ಬೇಡಿಕೆಗಳಿಗೆ ಒಪ್ಪಿದರು. ನಾಯಕ ಲೆಕ್ ವಲೆಸಾ ಮುಷ್ಕರ ಮುಗಿಯಿತೆಂದು ಸಾರಿದರು, ಜನ ಮನೆಗೆ ಹೊರಟರು. ಆದರೆ ಅವರ ಜೊತೆ ನಿಂತಿದ್ದ ಸಣ್ಣಪುಟ್ಟ ಕಾರ್ಖಾನೆಯವರು, ಟ್ರಾಮ್ ಓಡಿಸುವವರು ಇದ್ದರಲ್ಲ, ಅವರಿಗೆ ಏನೂ ಸಿಕ್ಕಿರಲಿಲ್ಲ. ದೊಡ್ಡವರು ಎದ್ದುಹೋದರೆ ಸಣ್ಣವರನ್ನು ಒಬ್ಬೊಬ್ಬರನ್ನಾಗಿ ಹೊಸಕಿಹಾಕುವುದು ಖಚಿತವಿತ್ತು. ಆಗ ಅನ್ನಾ ಮತ್ತು ಇನ್ನಿಬ್ಬರು ಹೆಂಗಸರು ಎದ್ದು ನಿಂತು, ಹೊರಟವರನ್ನು ತಡೆದು ಕರೆದರು. ಮುಷ್ಕರ ಮುಂದುವರಿಯಿತು, ಈ ಸಲ ಎಲ್ಲರಿಗಾಗಿ. ಆಗಸ್ಟ್ 31ರಂದು ಸರ್ಕಾರ ಒಪ್ಪಂದಕ್ಕೆ ಸಹಿ ಹಾಕಿತು. ಹಾಗೆ ಹುಟ್ಟಿದ 'ಸಾಲಿಡಾರಿಟಿ' ಎಂಬ ಕಾರ್ಮಿಕ ಸಂಘಕ್ಕೆ ಒಂದು ಕೋಟಿಯಷ್ಟು ಜನ ಸೇರಿದರು. 1970ರಲ್ಲಿ ಸತ್ತವರ ನೆನಪಿಗೆ ಅದೇ ಗೇಟಿನ ಎದುರು ಮೂರು ಎತ್ತರದ ಶಿಲುಬೆಗಳು ಎದ್ದವು.

ಹದಿನಾರು ತಿಂಗಳಲ್ಲಿ ಸರ್ಕಾರ ತಿರುಗಿಬಿತ್ತು. 1981ರ ಡಿಸೆಂಬರ್ 13ರಂದು ಸೈನಿಕ ಆಡಳಿತ ಹೇರಿ ಸಾವಿರಾರು ಜನರನ್ನು ಬಂಧಿಸಿತು. ವೂಯೆಕ್ ಗಣಿಯಲ್ಲಿ 9 ಕಾರ್ಮಿಕರು ಗುಂಡಿಗೆ ಬಲಿಯಾದರು. ಈಗ ಗಣಿಯೊಳಗೆ ಕೂರುವುದೂ ಸಾವಿನ ದಾರಿಯಾಯಿತು. ಒಮ್ಮೆ ಗೆದ್ದ ಉಪಾಯ ಎಲ್ಲ ಕಾಲಕ್ಕೂ ನಡೆಯುವುದಿಲ್ಲ. ಆಗ ಸ್ವಿದ್ನಿಕ್ ಎಂಬ ಸಣ್ಣ ಊರಿನವರು ಏನು ಮಾಡಿದರು ಗೊತ್ತೇ? ಸಂಜೆ ಏಳೂವರೆಗೆ ಟಿವಿಯಲ್ಲಿ ಸರ್ಕಾರದ ಸುಳ್ಳು ವಾರ್ತೆ ಶುರುವಾಗುವ ಹೊತ್ತಿಗೆ ಸರಿಯಾಗಿ ಮನೆಯಿಂದ ಹೊರಬಂದು ಬೀದಿಯಲ್ಲಿ ಅಡ್ಡಾಡತೊಡಗಿದರು. ಕೆಲವರು ಟಿವಿಯನ್ನು ಕಿಟಕಿಯಲ್ಲಿಟ್ಟು ಮುಖವನ್ನು ಬೀದಿಗೆ ತಿರುಗಿಸಿದರು. ಘೋಷಣೆಯಿಲ್ಲ, ಕಲ್ಲಿಲ್ಲ. ಸಂಜೆ ವಾಯುವಿಹಾರಕ್ಕೆ ಹೋಗುವುದು ಅಪರಾಧವೇ? ಅಜ್ಜಿಯಂದಿರೂ ಎಳೆಮಕ್ಕಳ ತಾಯಂದಿರೂ ಸೇರಬಹುದಾದ ಪ್ರತಿಭಟನೆ ಅದು. ಮನೆಯಲ್ಲಿ ಒಬ್ಬನೇ ಹೆದರಿ ಕೂತವನು ಬೀದಿಗೆ ಬಂದು, ನನ್ನ ಹಾಗೆ ಇಷ್ಟು ಜನರಿದ್ದಾರಲ್ಲ ಎಂದು ಕಣ್ಣಾರೆ ಕಂಡ. ಹೆದರಿಕೆ ಅರ್ಧ ಹೋದದ್ದು ಅಲ್ಲೇ. ಅಧಿಕಾರಿಗಳು ಕರ್ಫ್ಯೂ ಹೊತ್ತನ್ನು ಮುಂಚಿತಗೊಳಿಸಬೇಕಾಯಿತು.

ಈ ಕಾಲದಲ್ಲೇ ಫಾದರ್ ಪೊಪಿಯೆಲೂಷ್ಕೊ ವಾರ್ಸಾದ ತಮ್ಮ ದೇವಾಲಯದಲ್ಲಿ ತಿಂಗಳಿಗೊಮ್ಮೆ ನಾಡಿಗಾಗಿ ಬಲಿಪೂಜೆ ಅರ್ಪಿಸುತ್ತಿದ್ದರು. ಸಾವಿರಾರು ಜನ ಹೊರಗೆ ಬೀದಿಯಲ್ಲೂ ನಿಲ್ಲುತ್ತಿದ್ದರು. ಅವರ ಪ್ರಬೋಧನೆ ಸತ್ಯವನ್ನು ಮುಚ್ಚಿಡಲಿಲ್ಲ. ಆದರೆ ಪೂಜೆ ಮುಗಿದ ಮೇಲೆ, ಕೆಣಕುವವರ ಬಲೆಗೆ ಬೀಳದೆ ಶಾಂತವಾಗಿ ಮನೆಗೆ ಹೋಗಿ ಎಂದು ಬೇಡಿಕೊಳ್ಳುತ್ತಿದ್ದರು. ಕೆಡುಕನ್ನು ಒಳಿತಿನಿಂದಲೇ ಗೆಲ್ಲಬೇಕೆಂಬ ಸಂತ ಪೌಲರ ಬೋಧೆ (ರೋಮನರಿಗೆ 12:21) ಅವರ ಬಾಳಿನ ಉಸಿರಾಗಿತ್ತು. 1984ರ ಅಕ್ಟೋಬರ್ 19ರಂದು ಗುಪ್ತ ಪೊಲೀಸರು ಅವರನ್ನು ಅಪಹರಿಸಿ, ಹೊಡೆದು ಕೊಂದು, ದೇಹಕ್ಕೆ ಕಲ್ಲು ಕಟ್ಟಿ ನೀರಿಗೆಸೆದರು. ಆಗ ಅವರ ವಯಸ್ಸು 37.

ಹಾಗಾದರೆ ಜಾಣತನದಿಂದ ಏನು ಬಂತು ಎಂದು ನೀವು ಕೇಳಬಹುದು. ಪ್ರಿಯರೇ, ಜಾಣತನ ಶಿಲುಬೆಯನ್ನು ತಪ್ಪಿಸುವ ಯಂತ್ರಮಂತ್ರವಲ್ಲ. ಆ ಗುರು ತಮ್ಮ ಪ್ರಾಣಕ್ಕಾಗಿ ಸತ್ಯವನ್ನು ಮಾರಲಿಲ್ಲ. ಹಾಗೆಯೇ ತಮ್ಮ ಧೈರ್ಯಕ್ಕಾಗಿ ಬೇರೆಯವರ ಮಕ್ಕಳನ್ನು ಬಂದೂಕಿನ ಮುಂದೆ ನಿಲ್ಲಿಸಲಿಲ್ಲ. ಅವರ ಅಂತ್ಯಕ್ರಿಯೆಗೆ ಲಕ್ಷಾಂತರ ಜನ ಬಂದರು. ಸಿಟ್ಟಿಗೆ ಅದಕ್ಕಿಂತ ದೊಡ್ಡ ಕಾರಣ ಬೇಕೇ? ಆದರೂ ಅವರು ಕಲಿಸಿದಂತೆಯೇ ಶಾಂತರಾಗಿ ಹಿಂತಿರುಗಿದರು. ಐದು ವರ್ಷದೊಳಗೆ ಸರ್ಕಾರವೇ ಅವರನ್ನು ಮಾತುಕತೆಗೆ ಕರೆಯಿತು. 1989ರ ಜೂನ್ 4ರ ಚುನಾವಣೆಯಲ್ಲಿ ಜನ ಸಾಲಿಡಾರಿಟಿಯನ್ನು ಗೆಲ್ಲಿಸಿದರು. 2010ರಲ್ಲಿ ಧರ್ಮಸಭೆ ಆ ಗುರುವನ್ನು ರಕ್ತಸಾಕ್ಷಿಯೆಂದು ಸಾರಿತು.

ಆ ಯುವಕನಿಗೆ ನನ್ನ ಉತ್ತರ ಇದು. ಜಾಗ್ರತೆಯ ಕೊನೆಯಲ್ಲಿ ಒಂದು ಕೆಲಸ ಇದ್ದರೆ ಅದು ಜಾಣತನ. ಏನೂ ಇಲ್ಲದಿದ್ದರೆ ಅದು ಹೆದರಿಕೆಯೇ. ನಮ್ಮಲ್ಲಿ ಎರಡನೆಯದೇ ಹೆಚ್ಚೆಂದು ನಿನಗೆ ಕಂಡಿದ್ದರೆ, ಆ ಮಾತಿಗೆ ನಾನೂ ತಲೆಬಾಗಬೇಕು.

ಅನ್ಯಾಯದ ವಿರುದ್ಧ ಹೆಜ್ಜೆ ಇಡುವ ಮೊದಲು ಕೆಲವು ಪ್ರಶ್ನೆಗಳನ್ನು ಪ್ರಾರ್ಥನೆಯಲ್ಲಿ ಕೇಳಿಕೊಳ್ಳೋಣ. ಈ ದಾರಿಯಲ್ಲಿ ನಮ್ಮೊಳಗಿನ ಅತಿ ದುರ್ಬಲರು ನಡೆಯಬಲ್ಲರೇ? ಬೆಲೆ ತೆರಬೇಕಾದವರು ಯಾರು, ಅವರನ್ನು ಕೇಳಿದ್ದೇವೆಯೇ? ಎದುರಾಳಿ ಕಾದಿರುವುದನ್ನೇ ನಾವು ಮಾಡಿಕೊಡುತ್ತಿಲ್ಲವೇ? ನಮ್ಮ ಪಾಲು ಸಿಕ್ಕಿದ ಕೂಡಲೇ ಸಣ್ಣವರನ್ನು ಬಿಟ್ಟು ಎದ್ದುಹೋಗುತ್ತೇವೆಯೇ? ನಾಳೆ ಅದೇ ಎದುರಾಳಿಯೊಂದಿಗೆ ಒಂದೇ ಮೇಜಿಗೆ ಕೂರುವಷ್ಟು ಜಾಗ ಮನಸ್ಸಿನಲ್ಲಿ ಉಳಿದಿದೆಯೇ? ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುವುದಿಲ್ಲ ಎಂದು ನಮ್ಮ ಹಿರಿಯರು ಹೇಳಿದ್ದು ಸುಮ್ಮನಲ್ಲ.

ಚಾಟಿಯೇಟು ಬೀಳುವ ಮೊದಲು ಸಂತ ಪೌಲರು ತಮ್ಮ ರೋಮನ್ ಪೌರತ್ವವನ್ನು ನೆನಪಿಸಿ ಕಾನೂನನ್ನು ಗುರಾಣಿ ಮಾಡಿಕೊಂಡರು. ನಮಗೂ ಸಂವಿಧಾನ, ನ್ಯಾಯಾಲಯ, ಅರ್ಜಿಯ ಹಕ್ಕು ಇವೆ. ಎಣಿಕೆಯಲ್ಲಿ ಕಡಿಮೆಯಿರುವ ನಾವು ಅವನ್ನು ಬಳಸುವುದನ್ನು ಮೊದಲು ಕಲಿಯೋಣ. ತಮಿಳು ಪೂಜೆಗೆ ಬರುವವರ ಕಷ್ಟಕ್ಕೂ ಕನ್ನಡ ಪೂಜೆಯವರು ಸಹಿ ಹಾಕುವುದನ್ನು ಕಲಿಯೋಣ.

ಜಪಸರದ ಈ ತಿಂಗಳಲ್ಲಿ ಒಂದು ದಶಕವನ್ನು, ಸತ್ಯ ಹೇಳಿದ್ದಕ್ಕಾಗಿ ಇಂದು ಜಗತ್ತಿನ ಯಾವುದೋ ಸೆರೆಮನೆಯಲ್ಲಿರುವವರಿಗಾಗಿ ಅರ್ಪಿಸಿ. ಹಾವಿನ ಜಾಣತನವನ್ನೂ ಪಾರಿವಾಳದ ಮನಸ್ಸನ್ನೂ ಪವಿತ್ರಾತ್ಮರು ನಮಗೆ ದಯಪಾಲಿಸಲಿ. ಆಮೆನ್.