ಮುದ್ರೆ ಬಿದ್ದ ಮಾತ್ರಕ್ಕೆ ಸರಿಯೆ?

ಕಚೇರಿಯಲ್ಲಿ ದುಡಿಯುವ ನಮ್ಮಂಥವರಿಗೆ 'ಮಂಜೂರಾಗಿದೆ' ಎಂಬ ಮಾತು ದಿನನಿತ್ಯದ್ದು. ಕಡತ ಮೇಜಿನಿಂದ ಮೇಜಿಗೆ ಸಾಗುತ್ತದೆ, ಸಹಿ ಬೀಳುತ್ತದೆ, ಮುದ್ರೆ ಬೀಳುತ್ತದೆ. ಅಲ್ಲಿಗೆ ಕೆಲಸ ಸಕ್ರಮವಾಯಿತೆಂದು ಎಲ್ಲರೂ ನಿಶ್ಚಿಂತರಾಗುತ್ತಾರೆ. ಆದರೆ ಸಕ್ರಮವಾದದ್ದೆಲ್ಲ ಸರಿಯಾದದ್ದೆ? ಪೀಠೋಪಕರಣ ಕೊಳ್ಳುವ ಕಡತದಲ್ಲಿ ಈ ಪ್ರಶ್ನೆ ಅಷ್ಟಾಗಿ ಕಾಡುವುದಿಲ್ಲ. ಕಾಯಿಲೆ ಬಿದ್ದ ಮಕ್ಕಳ ಮೇಲೆ ಹೊಸ ಔಷಧಿಯನ್ನು ಪರೀಕ್ಷಿಸಲು ಕೊಡುವ ಅನುಮತಿಯಲ್ಲಿ ಮಾತ್ರ ಇದು ಧರ್ಮದ ಪ್ರಶ್ನೆಯೇ ಆಗುತ್ತದೆ. ಆಫ್ರಿಕ ಖಂಡದ ನೈಜೀರಿಯಾದಲ್ಲಿ ನಡೆದ ಒಂದು ಪ್ರಸಂಗವನ್ನು ಆಧಾರವಾಗಿಟ್ಟುಕೊಂಡು ಇದನ್ನು ವಿಚಾರ ಮಾಡಬಹುದು.

1996ರಲ್ಲಿ ಆ ದೇಶದಲ್ಲಿ ಮೆನಿಂಜೈಟಿಸ್, ಅಂದರೆ ಮೆದುಳನ್ನು ಆವರಿಸಿದ ಪೊರೆಗಳ ಉರಿಯೂತ, ಭೀಕರವಾಗಿ ಹಬ್ಬಿತು. 1 ಲಕ್ಷಕ್ಕೂ ಹೆಚ್ಚು ಜನ ಹಾಸಿಗೆ ಹಿಡಿದರು. 11 ಸಾವಿರಕ್ಕೂ ಹೆಚ್ಚು ಜನ ತೀರಿಕೊಂಡರು. ಉತ್ತರದ ಕಾನೋ ನಗರದ ಸಾಂಕ್ರಾಮಿಕ ರೋಗಗಳ ಆಸ್ಪತ್ರೆಗೆ ಆಗ ಅಮೆರಿಕದ ಫೈಜರ್ ಕಂಪನಿಯ ತಂಡವೊಂದು ಬಂತು. ಟ್ರೋವಾನ್ ಎಂಬ ತನ್ನ ಹೊಸ ಔಷಧಿಯನ್ನು 100 ಮಕ್ಕಳಿಗೂ, ಹೋಲಿಕೆಗೆಂದು ಸೆಫ್ಟ್ರಿಯಾಕ್ಸೋನ್ ಎಂಬ ಬಳಕೆಯಲ್ಲಿದ್ದ ಔಷಧಿಯನ್ನು ಇನ್ನು 100 ಮಕ್ಕಳಿಗೂ ಕೊಟ್ಟಿತು. ಮೊದಲ ಗುಂಪಿನಲ್ಲಿ 5 ಮಕ್ಕಳು, ಎರಡನೆಯದರಲ್ಲಿ 6 ಮಕ್ಕಳು ಸತ್ತವು. ಅದೇ ಆಸ್ಪತ್ರೆಯ ಆವರಣದಲ್ಲಿ 'ಗಡಿಗಳಿಲ್ಲದ ವೈದ್ಯರು' ಸಂಸ್ಥೆಯವರು ಕ್ಲೋರಾಂಫೆನಿಕಾಲ್ ಎಂಬ ಹಳೆಯ ಔಷಧಿಯಿಂದ ರೋಗಿಗಳಿಗೆ ಉಚಿತವಾಗಿ ಚಿಕಿತ್ಸೆ ಮಾಡುತ್ತಿದ್ದರು.

ನಾಲ್ಕೈದು ವರ್ಷಗಳ ನಂತರ ಇದು ಪತ್ರಿಕೆಗಳಲ್ಲಿ ಬಯಲಾಯಿತು. ಅನುಮತಿ ಇತ್ತೆ ಎಂದು ಕೇಳಿದರೆ ಕಂಪನಿಯ ಬಳಿ ಪತ್ರವಿತ್ತು. ಅದರಲ್ಲಿ 1996ರ ಮಾರ್ಚ್ 28ರ ತಾರೀಖೂ ಇತ್ತು. ಆದರೆ ಪತ್ರ ಕೊಟ್ಟಿತೆನ್ನಲಾದ ನೀತಿಸಮಿತಿ ಆ ದಿನ ಹುಟ್ಟಿಯೇ ಇರಲಿಲ್ಲ! ಪತ್ರವನ್ನು ಅನಂತರ ಬರೆದು ಹಿಂದಿನ ತಾರೀಖು ಹಾಕಲಾಗಿತ್ತು.

ತಾರೀಖಿಗೇಕೆ ಇಷ್ಟು ಮಹತ್ವ, ಅದೊಂದು ಗುಮಾಸ್ತರ ಗೀಳು ಎಂದು ಕೆಲವರು ನಗಬಹುದು. ಹಾಗಲ್ಲ. ಅನುಮತಿ ಕೊಡುವವನ ಬಲವಿರುವುದು 'ಆಗಲಿ' ಎನ್ನುವುದರಲ್ಲಿ ಅಲ್ಲ, 'ಕೂಡದು' ಎನ್ನಬಲ್ಲದರಲ್ಲಿ. ಕೆಲಸ ಮುಗಿದ ಮೇಲೆ ಹಾಗೆನ್ನುವ ದಾರಿಯೇ ಮುಚ್ಚಿಹೋಗುತ್ತದೆ. ಮದುವೆ ಮುಗಿದ ಮೇಲೆ ಜಾತಕ ಕೂಡಿಸಿ ನೋಡಿದಂತೆ, ಆಮೇಲೆ ಬಂದ ಅನುಮತಿ ನಡೆದುದಕ್ಕೆ ಹೊದಿಸಿದ ಶಾಲು ಮಾತ್ರ.

ಇಲ್ಲಿ ಒಂದು ಗಟ್ಟಿಯಾದ ಆಕ್ಷೇಪಣೆ ಏಳುತ್ತದೆ. ಊರಿಗೆ ಊರೇ ಸಾಯುತ್ತಿರುವಾಗ ಸಮಿತಿ, ಸಭೆ, ನಡವಳಿ ಎಂದು ಕೂರಲಾದೀತೆ? ಮೇಲಾಗಿ ಎರಡು ಗುಂಪಿನಲ್ಲೂ ಸತ್ತವರ ಸಂಖ್ಯೆ ಹೆಚ್ಚುಕಡಿಮೆ ಒಂದೇ. ಹೊರಗೆ ಸಾಯುತ್ತಿದ್ದವರ ಪ್ರಮಾಣಕ್ಕಿಂತ ಕಡಿಮೆಯೇ. ಹಾಗಾದರೆ ಅನ್ಯಾಯವಾದದ್ದು ಯಾರಿಗೆ? ಕಂಪನಿಯ ವಾದವೂ ಬಹುಮಟ್ಟಿಗೆ ಇದೇ. ತಾನು ತಪ್ಪು ಮಾಡಿಲ್ಲವೆಂದೇ ಅದು ಕೊನೆಯವರೆಗೂ ಹೇಳಿತು. ಈ ವಾದವನ್ನು ತಳ್ಳಿಹಾಕುವುದು ಸುಲಭವಲ್ಲ.

ಆದರೂ ಯೋಚಿಸಿ. ನೆರೆಯವನೊಬ್ಬ ನಿಮಗೆ ತಿಳಿಸದೆ ನಿಮ್ಮ ಮಗುವನ್ನು ತುಂಬಿದ ಹೊಳೆಯಲ್ಲಿ ಹೊಸ ದೋಣಿಯೊಂದರ ಗಟ್ಟಿತನ ನೋಡಲೆಂದು ಕೂರಿಸಿಕೊಂಡು ಹೋಗಿ, ಕ್ಷೇಮವಾಗಿ ತಂದುಬಿಟ್ಟನೆನ್ನಿ. ಮಗುವಿಗೇನೂ ಆಗಲಿಲ್ಲವಲ್ಲ ಎಂದು ಅವನಿಗೆ ಕೈಮುಗಿಯುತ್ತೀರಾ? ಫಲ ಕೆಡಲಿಲ್ಲ ಎಂಬುದು ದೈವದ ದಯೆ. ಕೇಳದೆ ಒಯ್ದದ್ದು ಅವನ ತಪ್ಪು. ಒಂದರಿಂದ ಇನ್ನೊಂದು ಅಳಿಸಿಹೋಗುವುದಿಲ್ಲ. ಫಲ ನೋಡಿ ಕರ್ಮವನ್ನು ತೂಗುವುದಾದರೆ ಅದೃಷ್ಟವಂತರೆಲ್ಲ ಸಜ್ಜನರೇ ಆಗಿಬಿಡುತ್ತಾರೆ.

ಇನ್ನು ತಂದೆತಾಯಿಯರ ಮಾತು. ಸ್ಥಳೀಯ ದಾದಿಯರು ಬಾಯಿಮಾತಿನಲ್ಲಿ ವಿವರಿಸಿ ಒಪ್ಪಿಗೆ ಪಡೆದರು ಎಂದು ಕಂಪನಿ ಹೇಳಿತು. ಇದೊಂದು ಪರೀಕ್ಷೆಯೆಂದೇ ತಮಗೆ ತಿಳಿಯದು, ಅದೇ ಆವರಣದಲ್ಲಿ ಬೇರೆ ಔಷಧಿ ಸಿಗುವುದನ್ನೂ ಯಾರೂ ಹೇಳಲಿಲ್ಲ ಎಂದು ಹಲವು ಮನೆಯವರು ಹೇಳಿದರು. ಸಹಿ ಮಾಡಿದ ಒಪ್ಪಿಗೆಪತ್ರಗಳಿರಲಿಲ್ಲ. ಪರಭಾಷೆಯ ಊರಿನಲ್ಲಿ ಬಾಳುವ ನಮಗೆ ಆ ತಾಯಂದಿರ ಸ್ಥಿತಿ ಸ್ವಲ್ಪಮಟ್ಟಿಗಾದರೂ ಅರ್ಥವಾದೀತು. ಮಗು ಜ್ವರದಲ್ಲಿ ಬೇಯುತ್ತಿರುವಾಗ, ಬಿಳಿ ಕೋಟಿನವರು ಏನೋ ಹೇಳುವಾಗ, ತಲೆಯಾಡಿಸದೆ ಇರುವವರು ಎಷ್ಟು ಮಂದಿ? ತಲೆಯಾಡಿಸಿದ್ದು ಒಪ್ಪಿಗೆಯಲ್ಲ, ದಿಕ್ಕುತೋಚದಿರುವಿಕೆ. ಅವಳ ಈ ಅಸಹಾಯಕತೆಗೆ ಕಾವಲಿರಲೆಂದೇ ಸಮಿತಿ ಬೇಕು. ಆದರೆ ಸಮಿತಿ ಒಪ್ಪಿತೆಂದು ತಾಯಿಯನ್ನು ಕೇಳದೆ ಬಿಡುವಂತೆಯೂ ಇಲ್ಲ. ಪರೀಕ್ಷೆ ನ್ಯಾಯವೆ ಎಂದು ನೋಡುವುದು ಸಮಿತಿಯ ಕೆಲಸ. ತನ್ನ ಮಗು ಅದರಲ್ಲಿ ಸೇರಬೇಕೆ ಎಂಬುದು ಅವಳ ತೀರ್ಮಾನ.

ಕೇಳದೆ ಮಾಡಿದ್ದರ ಬೆಲೆಯನ್ನು ಬೇರೆ ಮಕ್ಕಳೂ ತೆತ್ತರು. 2003ರಲ್ಲಿ ಕಾನೋ ಮತ್ತು ನೆರೆಯ ಕೆಲವು ರಾಜ್ಯಗಳು ಪೋಲಿಯೋ ಲಸಿಕೆಯನ್ನೇ ನಿಲ್ಲಿಸಿದವು. ಅದಕ್ಕೆ ರಾಜಕೀಯ, ವದಂತಿ ಮುಂತಾದ ಹಲವು ಕಾರಣಗಳಿದ್ದವು. 1996ರ ಕಹಿ ನೆನಪೂ ಅವುಗಳಲ್ಲೊಂದು. 2004ರ ಜುಲೈನಲ್ಲಿ ಕಾನೋದಲ್ಲಿ ಲಸಿಕೆ ಮತ್ತೆ ಆರಂಭವಾಗುವ ಹೊತ್ತಿಗೆ, ಪೋಲಿಯೋ ತೊಲಗಿದ್ದ ಎಷ್ಟೋ ದೇಶಗಳಿಗೆ ರೋಗ ಮರಳಿತ್ತು. 2009ರಲ್ಲಿ ಕಂಪನಿ ಕಾನೋ ರಾಜ್ಯದೊಡನೆ 7.5 ಕೋಟಿ ಡಾಲರಿಗೆ ರಾಜಿಯಾಯಿತು. ಮೊದಲ ಕುಟುಂಬಗಳ ಕೈಗೆ ಪರಿಹಾರ ಸೇರಿದ್ದು 2011ರಲ್ಲಿ. ಹಣ ಹದಿನೈದು ವರ್ಷಕ್ಕಾದರೂ ಬಂತು. ನಂಬಿಕೆಗೆ ಅಂಥ ಗಡುವು ಹಾಕಲು ಬರುವುದಿಲ್ಲ.

ಹಾಗಾದರೆ ಆಫ್ರಿಕದಲ್ಲಿ ಇಂಥ ಸಂಶೋಧನೆಯೇ ಬೇಡವೆ? ಹಾಗೆನ್ನುವುದು ಇನ್ನೊಂದು ಬಗೆಯ ಅನ್ಯಾಯ. ಅಲ್ಲಿಯ ರೋಗಕ್ಕೆ ಮದ್ದನ್ನು ಅಲ್ಲಿಯೇ ಪರೀಕ್ಷಿಸಬೇಕು. ಇದೇ ಮೆನಿಂಜೈಟಿಸ್ ರೋಗದ 'ಎ' ಬಗೆಯನ್ನು ತಡೆಯಲು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಪಾಥ್ ಸಂಸ್ಥೆ ಕೂಡಿ ಒಂದು ಲಸಿಕೆಯ ಯೋಜನೆ ಹಾಕಿಕೊಂಡವು. ಅದನ್ನು ತಯಾರಿಸಿದ್ದು ಬೇರೆಲ್ಲೂ ಅಲ್ಲ, ನಮ್ಮ ಈ ಪುಣೆಯ ಹಡಪಸರದ ಸೀರಂ ಇನ್‌ಸ್ಟಿಟ್ಯೂಟಿನಲ್ಲಿ. ಅರ್ಧ ಡಾಲರಿಗಿಂತ ಹೆಚ್ಚು ಬೆಲೆಯಾದರೆ ನಮಗೆ ಕೊಳ್ಳಲಾಗದು ಎಂದು ಆಫ್ರಿಕದ ಅಧಿಕಾರಿಗಳು ಮೊದಲೇ ಹೇಳಿದ್ದರು. ಆ ಮಾತು ನಡೆಯಿತು. ಭಾರತ, ಮಾಲಿ, ಗಾಂಬಿಯಾ, ಸೆನೆಗಲ್ ದೇಶಗಳಲ್ಲಿ ಪರೀಕ್ಷೆಗಳು ನಡೆದು, 2010ರ ಡಿಸೆಂಬರಿನಲ್ಲಿ ಬುರ್ಕಿನಾ ಫಾಸೋದಲ್ಲಿ ಲಸಿಕೆ ಹಾಕುವ ಕಾರ್ಯ ಮೊದಲಾಯಿತು. ಲಸಿಕೆ ಹಬ್ಬಿದ ಕಡೆಗಳಲ್ಲಿ 'ಎ' ಬಗೆಯ ರೋಗ ಹೆಚ್ಚುಕಡಿಮೆ ಇಲ್ಲವಾಗಿದೆ. ಪರೀಕ್ಷೆಗೆ ಮೈಯೊಡ್ಡಿದವರ ನಾಡಿಗೇ ಅದರ ಫಲ ಸಿಗಬೇಕೆಂಬ ನ್ಯಾಯ ಇಲ್ಲಿ ಉಳಿಯಿತು.

ನೈಜೀರಿಯಾ ಕೂಡ ಸುಮ್ಮನೆ ಕೂರಲಿಲ್ಲ. 2007ರಲ್ಲಿ ಆರೋಗ್ಯ ಸಂಶೋಧನೆಗೆ ರಾಷ್ಟ್ರೀಯ ನೀತಿಸಂಹಿತೆಯನ್ನು ರೂಪಿಸಿತು. ಇದು ಸಂತೋಷದ ವಿಷಯ. ಆದರೆ ಸಂಹಿತೆ ಇದ್ದ ಮಾತ್ರಕ್ಕೆ ಮನಸ್ಸು ನಿಶ್ಚಿಂತವಾಗಬಾರದು. ಅನುಮೋದಿತ ಸಂಶೋಧನೆಗಳ ಪಟ್ಟಿ ಎಷ್ಟು ಉದ್ದವಿದೆ ಎಂಬುದಕ್ಕಿಂತ, ಮುದ್ರೆ ಹಿಡಿದ ಕೈ ಎಂದಾದರೂ ತಡೆದು ನಿಂತಿದೆಯೆ ಎಂಬುದನ್ನು ನೋಡಬೇಕು. ಜೊತೆಗೆ ಇನ್ನೊಂದನ್ನೂ ನೋಡಬೇಕು: ಆಸ್ಪತ್ರೆಯ ಜಗಲಿಯಲ್ಲಿ ಮಗುವನ್ನು ಮಡಿಲಲ್ಲಿಟ್ಟುಕೊಂಡ ತಾಯಿ 'ಬೇಡಪ್ಪಾ, ನನ್ನ ಮಗುವಿಗೆ ಹಳೆಯ ಔಷಧಿಯೇ ಇರಲಿ' ಎಂದರೆ, ಯಾರೂ ಮುಖ ಗಂಟಿಕ್ಕದೆ ಅದನ್ನೇ ಅಷ್ಟೇ ಅಕ್ಕರೆಯಿಂದ ಕೊಡುತ್ತಾರೆಯೆ? ಕೊಡುತ್ತಾರೆಂದಾದರೆ ಮಾತ್ರ ಆ ಮುದ್ರೆಗೆ ಅರ್ಥವುಂಟು.