ದೂರವನ್ನು ದಾಟುವವರು ಯಾರು?

ಕೆರೆಯ ಹಕ್ಕಿಗಳ ಫೋಟೊ ತೆಗೆಯಲು ಕಯಾಕ್‌ಗಿಂತ ಒಳ್ಳೆಯ ದೋಣಿಯಿಲ್ಲ ಎನ್ನುವವರ ಮಾತಿನಲ್ಲಿ ಹುರುಳಿದೆ. ಎಂಜಿನ್ನಿನ ಗದ್ದಲವಿಲ್ಲ, ಹೊಗೆಯಿಲ್ಲ, ನೀರಿನ ಮೇಲೆ ಎಣ್ಣೆಯ ಪಸೆಯಿಲ್ಲ. ಕೂತವನ ಸೊಂಟ ಹೆಚ್ಚುಕಡಿಮೆ ನೀರಿನ ಮಟ್ಟದಲ್ಲೇ ಇರುವುದರಿಂದ ಕ್ಯಾಮೆರಾ ಹಕ್ಕಿಯ ಕಣ್ಣಿನ ನೇರಕ್ಕೆ ಬರುತ್ತದೆ. ಏರಿಯ ಮೇಲೆ ನಿಂತು ಕೆಳಮುಖವಾಗಿ ತೆಗೆದರೆ ಹಕ್ಕಿಯ ಹಿಂದೆ ಬರೀ ನೀರು. ಕಯಾಕ್‌ನಿಂದ ತೆಗೆದರೆ ಆಚೆ ದಡದ ಹಸಿರೆಲ್ಲ ಮಸುಕಾಗಿ ಹರಡಿಕೊಂಡು ಹಕ್ಕಿಯೊಂದೇ ಎದ್ದು ಕಾಣುತ್ತದೆ. ಇಷ್ಟನ್ನೂ ಒಪ್ಪುತ್ತೇನೆ. ಆದರೆ ಇದರ ಬೆನ್ನಿಗೇ ಇನ್ನೊಂದು ಮಾತು ಬರುತ್ತದೆ: ಸದ್ದಿಲ್ಲದೆ ಹೋದೆವು, ಹಾಗಾಗಿ ಯಾವ ಜೀವಕ್ಕೂ ತೊಂದರೆಯಾಗಲಿಲ್ಲ. ಇದನ್ನು ಒಪ್ಪಲಾರೆ. ಇಲಿಯ ಹತ್ತಿರ ಬೆಕ್ಕು ಬರುವುದೂ ಸದ್ದಿಲ್ಲದೆಯೇ.

ಕಯಾಕ್ ಹುಟ್ಟಿದ್ದೇ ಬೇಟೆಗಾಗಿ. ಉತ್ತರ ಧ್ರುವದ ಸುತ್ತಲಿನ ಇನುಯಿಟ್ ಮತ್ತು ಅಲ್ಯೂಟ್ ಜನರು ಮರದ, ಎಲುಬಿನ ಹಂದರಕ್ಕೆ ಸೀಲ್ ಚರ್ಮ ಬಿಗಿದು ಇದನ್ನು ಮಾಡಿಕೊಂಡರು. ಪ್ರಾಣಿಗೆ ಸುಳಿವು ಸಿಗದಂತೆ ಈಟಿ ಎಸೆಯುವಷ್ಟು ಹತ್ತಿರ ಹೋಗಬೇಕಿತ್ತು. ಈ ದೋಣಿಯ ಮೌನ ಅದಕ್ಕಾಗಿ ರೂಢಿಸಿಕೊಂಡದ್ದು. ದೋಣಿಯಿಂದ ಕಾಡುಪ್ರಾಣಿಗಳ ಫೋಟೊ ತೆಗೆಯುವ ಕಲೆಯೂ ಬೇಟೆಯಿಂದಲೇ ಕವಲೊಡೆದದ್ದು. ಅಮೆರಿಕದ ಮಿಶಿಗನ್ ರಾಜ್ಯದ ವೈಟ್‌ಫಿಶ್ ಸರೋವರದಲ್ಲಿ ಜಾರ್ಜ್ ಶೈರಸ್ ಎಂಬ ವಕೀಲ 1890ರ ದಶಕದಲ್ಲಿ ಇರುಳಿನ ಹೊತ್ತು ದೋಣಿಯಲ್ಲಿ ಹೊರಡುತ್ತಿದ್ದ. ದೋಣಿಯ ಮೂತಿಯಲ್ಲಿ ಬೆಳಕಿಟ್ಟು, ಅದನ್ನೇ ದಿಟ್ಟಿಸಿ ನಿಂತ ಜಿಂಕೆಯ ಕಣ್ಣಿನ ಹೊಳಪಿಗೆ ಗುರಿಯಿಡುವುದು ಅಲ್ಲಿನ ಒಜಿಬ್ವೆ ಜನರ ಬೇಟೆಯ ಕ್ರಮ. ಶೈರಸ್ ಆ ಕ್ರಮವನ್ನು ಹಾಗೆಯೇ ಉಳಿಸಿಕೊಂಡು, ಕೋವಿಯ ಜಾಗದಲ್ಲಿ ಕ್ಯಾಮೆರಾವನ್ನೂ ಫ್ಲಾಶ್ ಪುಡಿಯನ್ನೂ ಇಟ್ಟುಕೊಂಡ. 1906ರ ಜುಲೈನಲ್ಲಿ ನ್ಯಾಷನಲ್ ಜಿಯಾಗ್ರಫಿಕ್ ಪತ್ರಿಕೆ ಅವನ 74 ಚಿತ್ರಗಳನ್ನು ಅಚ್ಚುಹಾಕಿತು. ಅಮೆರಿಕದ ಸಂಸತ್ತಿನಲ್ಲಿ ವಲಸೆ ಹಕ್ಕಿಗಳ ರಕ್ಷಣೆಗೆಂದು 1904ರಲ್ಲೇ ಮಸೂದೆ ಮಂಡಿಸಿದವನೂ ಇವನೇ.

ಕೋವಿ ಕೆಳಗಿಟ್ಟದ್ದು ಸಣ್ಣ ಸಂಗತಿಯಲ್ಲ. ಶೈರಸ್ ಬಗ್ಗೆ ನನಗೆ ಗೌರವವಿದೆ. ಆದರೂ ಆಯುಧ ಬದಲಾಯಿತೇ ಹೊರತು ಹತ್ತಿರ ಹೋಗುವ ರೀತಿ ಬದಲಾಗಲಿಲ್ಲ. ಬೇಟೆಗಾರನ ಹಸಿವಿಗಾದರೂ ಒಂದು ಕೊನೆಯಿತ್ತು: ಪ್ರಾಣಿ ಬಿದ್ದ ಮೇಲೆ ಅವನು ಮನೆಗೆ ಹೋಗುತ್ತಿದ್ದ. ಕ್ಯಾಮೆರಾದ ಹಸಿವಿಗೆ ಆ ಕೊನೆ ತಾನಾಗಿ ಬರುವುದಿಲ್ಲ. ಹಕ್ಕಿ ಚೌಕಟ್ಟಿನ ತುಂಬ ಬಂದರೆ ರೆಪ್ಪೆ ಬೇಕು, ರೆಪ್ಪೆ ಸಿಕ್ಕರೆ ಕಣ್ಣಿನೊಳಗಿನ ಬೆಳಕು ಬೇಕು.

ನಮ್ಮ ಬಯಲುಸೀಮೆಯ ಕೆರೆಗಳಲ್ಲಿ ಸಾಮಾನ್ಯವಾಗಿ ಕಾಣುವ ಗುಳುಮುಳುಕನನ್ನೇ ನೋಡಿ. ಜೊಂಡಿನ ನಡುವೆ ಕೊಳೆತ ನೀರುಗಿಡಗಳನ್ನು ಗುಡ್ಡೆ ಹಾಕಿ, ನೀರಿನ ಮೇಲೆ ತೇಲುವಂತೆ ಅದು ಗೂಡು ಕಟ್ಟುತ್ತದೆ. ಮೋಟಾರು ದೋಣಿ ಅಲ್ಲಿಗೆ ನುಗ್ಗಲಾರದು. ಕಯಾಕ್‌ಗೆ ಗೇಣುದ್ದ ನೀರು ಸಾಕು. ದೂರದಲ್ಲೇ ಅಪಾಯ ಕಂಡರೆ ಗುಳುಮುಳುಕ ಗಡಿಬಿಡಿ ಮಾಡುವುದಿಲ್ಲ. ಸುತ್ತಲಿನ ಒದ್ದೆ ಎಲೆ, ಪಾಚಿಗಳನ್ನು ಕೊಕ್ಕಿನಿಂದ ಎಳೆದೆಳೆದು ಮೊಟ್ಟೆಗಳ ಮೇಲೆ ಹೊದಿಸುತ್ತದೆ, ಆಮೇಲೆ ಮೆಲ್ಲಗೆ ನೀರಿಗೆ ಜಾರಿ ಮುಳುಗಿ ಬೇರೆಲ್ಲೋ ತಲೆಯೆತ್ತುತ್ತದೆ. ಮೇಲೆ ಹಾರುವ ಕಾಗೆಗೆ ಕಾಣುವುದು ಕಸದ ಗುಪ್ಪೆ ಮಾತ್ರ. ಇಷ್ಟೆಲ್ಲ ಮಾಡಲು ಆ ಹಕ್ಕಿಗೆ ಒಂದಷ್ಟು ಹೊತ್ತು ಬೇಕು. ಜೊಂಡಿನ ಮರೆಯಿಂದ ಕಯಾಕ್‌ನ ಮೂತಿ ಥಟ್ಟನೆ ಹೊರಬಂದರೆ ಆ ಹೊತ್ತು ಎಲ್ಲಿಂದ ಬರಬೇಕು? ಹಕ್ಕಿ ಹೊದಿಕೆ ಎಳೆಯದೆ ಮುಳುಗುತ್ತದೆ, ಬೆಳ್ಳಗಿನ ಮೊಟ್ಟೆಗಳು ಬಯಲಿಗೆ ಬೀಳುತ್ತವೆ. ಮೋಟಾರು ದೋಣಿಯೇ ಮೇಲು ಎಂದು ವಾದಿಸುತ್ತಿಲ್ಲ, ಅದರ ಅಲೆಗಳಿಗೆ ಅದೇ ಗೂಡು ಮುಳುಗಬಹುದು. ಆದರೆ ಅದರ ಸದ್ದು ದೂರದಿಂದಲೇ ಕೊಡುವ ಎಚ್ಚರಿಕೆಯೊಂದಿದೆಯಲ್ಲ, ಅದನ್ನು ನಮ್ಮ ಮೌನ ಕಸಿದುಕೊಳ್ಳುತ್ತದೆ.

ಈ ವಿಷಯದಲ್ಲಿ ಕಾನೂನು ನಮ್ಮ ಹವ್ಯಾಸಿಗಳಿಗಿಂತ ಸೂಕ್ಷ್ಮವಾಗಿ ಯೋಚಿಸಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆ ಎಂದರೇನೆಂದು ವಿವರಿಸುವಾಗ ಕಾಡುಹಕ್ಕಿಗಳ ಮೊಟ್ಟೆಗೂ ಗೂಡಿಗೂ ತೊಂದರೆ ಕೊಡುವುದನ್ನು ಅದರೊಳಗೇ ಸೇರಿಸಿದೆ. ಭದ್ರಾ ಜಲಾಶಯದ ನಡುಗಡ್ಡೆಗಳನ್ನು ನೆನೆದರೆ ಇದರ ಅರ್ಥ ತಿಳಿಯುತ್ತದೆ. ಬೇಸಿಗೆಯಲ್ಲಿ ನೀರು ಇಳಿದಾಗ ರಿವರ್ ಟರ್ನ್‌ಗಳು ಅಲ್ಲಿ ಬರಿನೆಲದ ಮೇಲೆ, ಕಲ್ಲುಹರಳಿನ ನಡುವೆ ಮೊಟ್ಟೆಯಿಡುತ್ತವೆ. ಹೊಟ್ಟೆಯ ಗರಿಗಳನ್ನು ನೀರಿನಲ್ಲಿ ಅದ್ದಿಕೊಂಡು ಬಂದು ಮೊಟ್ಟೆಗಳನ್ನು ತಂಪಾಗಿಡುತ್ತವೆ. ಅಂಥ ಬಿಸಿಲಿನಲ್ಲಿ ತಾಯಿಹಕ್ಕಿಯನ್ನು ಗೂಡಿನಿಂದ ಎಬ್ಬಿಸಿದವನ ಕೈಯಲ್ಲಿ ಕೋವಿ ಇತ್ತೋ ಕ್ಯಾಮೆರಾ ಇತ್ತೋ ಎಂಬುದರಿಂದ ಮೊಟ್ಟೆಗೆ ಏನೂ ವ್ಯತ್ಯಾಸವಾಗದು.

ಹಾಗಾದರೆ ಮರೆಯಲ್ಲಿ ಕೂತು ಫೋಟೊ ತೆಗೆಯುವುದೂ ತಪ್ಪೇ ಎಂದು ಯಾರಾದರೂ ಕೇಳಬಹುದು. ನ್ಯಾಯವಾದ ಪ್ರಶ್ನೆ. ನನ್ನ ಮಟ್ಟಿಗೆ ಇಡೀ ವಿಚಾರ ತಿಳಿಯಾಗುವುದು ಇದಕ್ಕೆ ಉತ್ತರ ಹುಡುಕುವಾಗಲೇ. ದಡದಲ್ಲಿ ಮರೆ ಕಟ್ಟಿಕೊಂಡು ಕೂತವನು ಇದ್ದಲ್ಲೇ ಇರುತ್ತಾನೆ. ನಡುವಿನ ದೂರವನ್ನು ದಾಟಿ ಬರುವುದೋ ಬೇಡವೋ ಎಂಬುದು ಹಕ್ಕಿಗೆ ಬಿಟ್ಟದ್ದು. ರಂಗನತಿಟ್ಟಿನಲ್ಲಿ ಹುಟ್ಟು ಹಾಕುವ ದೋಣಿಗಳಲ್ಲಿ ಯಾರೂ ಅಡಗಿ ಕೂರುವುದಿಲ್ಲ. ಅವು ದಿನವೂ ಬಯಲಲ್ಲೇ ಓಡಾಡುತ್ತವೆ, ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತವೆಂಬುದು ಹಕ್ಕಿಗಳಿಗೆ ರೂಢಿಯಾಗಿದೆ, ಬಂಡೆಯ ಮೇಲಿನ ಮೊಸಳೆಯೂ ಮಲಗಿದಲ್ಲೇ ಮಲಗಿರುತ್ತದೆ. ಮರೆ ಮತ್ತು ಬಯಲು ಎರಡೂ ಸಲ್ಲುತ್ತವೆ. ಸಲ್ಲದಿರುವುದು ಮರೆಯಲ್ಲಿ ಮುಂದುವರಿಯುವುದು. ಆಗ ದೂರವನ್ನು ನಾವೇ ದಾಟಿರುತ್ತೇವೆ, ಅದು ಹಕ್ಕಿಗೆ ಗೊತ್ತೂ ಇರುವುದಿಲ್ಲ.

ಆದ್ದರಿಂದ ಕಯಾಕ್‌ನಲ್ಲಿ ಹೋಗುವವನು ಹಕ್ಕಿಗೆ ಕಾಣುವಂತೆ ಹೋಗಬೇಕು. ಜೊಂಡಿನ ಅಂಚು ಬಿಟ್ಟು ತೆರೆದ ನೀರಿನಲ್ಲಿ, ನೇರವಾಗಿ ಹಕ್ಕಿಯತ್ತ ಮೂತಿ ತಿರುಗಿಸದೆ ಓರೆಯಾಗಿ ಸಾಗಿ, ಸಾಕಷ್ಟು ಮೊದಲೇ ಹುಟ್ಟು ಎತ್ತಿಟ್ಟು ನಿಲ್ಲಬೇಕು. ಮೇಯುತ್ತಿದ್ದ ಹಕ್ಕಿ ಮೇವು ನಿಲ್ಲಿಸಿತೆಂದರೆ, ಕತ್ತು ನೆಟ್ಟಗಾಗಿ ಗರಿಗಳು ಮೈಗೆ ಅಂಟಿಕೊಂಡವೆಂದರೆ, ಅದು ಹೇಳಬೇಕಾದ್ದನ್ನು ಹೇಳಿಯಾಯಿತು. ಅಲ್ಲಿಂದ ಹಿಂದೆ ಸರಿಯಬೇಕೇ ವಿನಾ ಹಾರುವ ಚಿತ್ರಕ್ಕೆ ಶಟರ್ ವೇಗ ಹೆಚ್ಚಿಸಿಕೊಳ್ಳುವುದಲ್ಲ.

ಚಿತ್ರಗಳಿಂದಲೇ ಜನರಲ್ಲಿ ಪ್ರೀತಿ ಹುಟ್ಟುತ್ತದೆ, ಪ್ರೀತಿಯಿಂದ ರಕ್ಷಣೆ ಬರುತ್ತದೆ ಎನ್ನುತ್ತಾರೆ. ಶೈರಸ್‌ನ ಬದುಕೇ ಇದಕ್ಕೆ ಸಾಕ್ಷಿ ಎಂದರೂ ಸರಿಯೇ. ಆದರೆ ಆ ಪ್ರೀತಿಗೆ ಕೊನೆಯ ಹತ್ತು ಅಡಿಯ ಚಿತ್ರವೇ ಬೇಕೆಂದು ಯಾರೂ ತೋರಿಸಿಕೊಟ್ಟಿಲ್ಲ. ಕೆರೆ, ಜೊಂಡು, ಆಚೆ ದಡ ಎಲ್ಲ ಸೇರಿದ ಚಿತ್ರದಲ್ಲಿ ಸಣ್ಣದಾಗಿ ಕೂತ ಗುಳುಮುಳುಕ, ತಾನು ಉಳಿಯಲು ಏನೇನು ಉಳಿಯಬೇಕೆಂಬುದನ್ನೂ ಜೊತೆಗೇ ತೋರಿಸುತ್ತದೆ. ನಮ್ಮ ಫೋಟೊ ಸ್ಪರ್ಧೆಗಳ ತೀರ್ಪುಗಾರರು ಚಿತ್ರದ ಚೂಪು, ಬೆಳಕುಗಳ ಜೊತೆಗೆ ಇನ್ನೊಂದನ್ನೂ ಕೇಳಲಿ: ಎಷ್ಟು ದೂರದಿಂದ ತೆಗೆದದ್ದು, ನೀವು ಹೊರಟು ಬರುವಾಗ ಹಕ್ಕಿ ಎಲ್ಲಿತ್ತು, ಏನು ಮಾಡುತ್ತಿತ್ತು? ಉತ್ತರ ಬರೆದುಕೊಡಲಾಗದ ಚಿತ್ರವನ್ನು, ಅದು ಎಷ್ಟೇ ಚೆನ್ನಾಗಿರಲಿ, ಪಕ್ಕಕ್ಕಿಡಲಿ.