ಬಿಸಿಲು ಕಾಣದ ಅರಿವೆ

ನಮ್ಮ ವಿಜಯಪುರ ಸೀಮೆಯಲ್ಲಿ ಬಿಸಿಲಿಗೆ ಬರವಿಲ್ಲ. ಇಂಡಿಯಿರಲಿ ಸಿಂದಗಿಯಿರಲಿ, ಮುದ್ದೇಬಿಹಾಳವಿರಲಿ ಬಸವನ ಬಾಗೇವಾಡಿಯಿರಲಿ, ಮಾಳಿಗೆಯ ಮೇಲೆ ಮೆಣಸಿನಕಾಯಿ ಒಣಗುತ್ತದೆ, ಶಾವಿಗೆ ಒಣಗುತ್ತದೆ, ಕೌದಿ ಒಣಗುತ್ತದೆ, ಮನೆಮಂದಿಯ ಬಟ್ಟೆಗಳೆಲ್ಲ ಒಣಗುತ್ತವೆ. ಒಂದು ಅರಿವೆ ಮಾತ್ರ ಅಲ್ಲಿಗೆ ಬರುವುದಿಲ್ಲ. ಹೆಣ್ಣುಮಕ್ಕಳು ಮುಟ್ಟಿನ ದಿನಗಳಲ್ಲಿ ಬಳಸುವ ಅರಿವೆ ಬಚ್ಚಲಿನ ಮೂಲೆಯಲ್ಲೋ, ಬೇರೆ ಸೀರೆಯ ಮರೆಯಲ್ಲೋ ಅರೆಹಸಿಯಾಗಿಯೇ ಉಳಿಯುತ್ತದೆ. ಮತ್ತೆ ಹಾಗೆಯೇ ಮೈಗೆ ಬರುತ್ತದೆ.

ಇಂಥ ಮಾತು ಕುಟುಂಬದ ಪುಟದಲ್ಲಿ ಬೇಕೇ ಎಂದು ಕೆಲವರು ಹುಬ್ಬೇರಿಸಬಹುದು. ಮನೆಯ ತಾಯಿ, ಮಡದಿ, ಮಗಳು ತಿಂಗಳು ತಿಂಗಳೂ ಅನುಭವಿಸುವುದು ಕುಟುಂಬದ ವಿಷಯವಲ್ಲದಿದ್ದರೆ ಮತ್ತಾವುದು ಕುಟುಂಬದ ವಿಷಯ?

ಪರಿಸರದ ಕಾಳಜಿಯುಳ್ಳವರು ಈಗ ಒಂದು ಸಲಹೆ ಕೊಡುತ್ತಿದ್ದಾರೆ: ಬಳಸಿ ಎಸೆಯುವ ಪ್ಯಾಡನ್ನು ಬಿಟ್ಟು, ತೊಳೆದು ಬಳಸುವ ಬಟ್ಟೆಯ ಪ್ಯಾಡಿಗೆ ಬನ್ನಿ ಎಂದು. ಸಲಹೆಯ ಹಿಂದಿನ ಲೆಕ್ಕ ಸುಳ್ಳಲ್ಲ. ದಿನಕ್ಕೆ ಮೂರರಂತೆ ಐದು ದಿನ ಎಂದರೆ ತಿಂಗಳಿಗೆ 15, ವರ್ಷಕ್ಕೆ 180. ಮೂವತ್ತೈದು ವರ್ಷಗಳಲ್ಲಿ ಒಬ್ಬಳೇ ಹೆಣ್ಣುಮಗಳಿಂದ 6,300 ಪ್ಯಾಡು. ಸಾಮಾನ್ಯ ಪ್ಯಾಡಿನ ತಳದಲ್ಲಿ ಪ್ಲಾಸ್ಟಿಕ್ ಹಾಳೆಯಿದೆ. ಅದು ನಮ್ಮ ಎರೆಮಣ್ಣಿನಲ್ಲಿ ಹೂತರೂ ಕರಗುವುದಿಲ್ಲ, ಒಲೆಗೆ ಹಾಕಿದರೆ ಕೆಟ್ಟ ಹೊಗೆ. ಹಳ್ಳಿಗಳಲ್ಲಿ ಅದು ಹಳ್ಳವನ್ನೋ ತಿಪ್ಪೆಯನ್ನೋ ಸೇರುತ್ತದೆ. ಪಟ್ಟಣದಲ್ಲಿ ಅದನ್ನು ಕಸದಿಂದ ಬೇರ್ಪಡಿಸುವುದು ಪೌರಕಾರ್ಮಿಕರ ಕೈ. ಭದ್ರವಾಗಿ ಸುತ್ತಿ ಕೊಡಬೇಕೆಂದು 2016ರ ಘನತ್ಯಾಜ್ಯ ನಿಯಮಗಳೇ ಹೇಳಿದ್ದರೂ ಎಷ್ಟು ಮನೆಗಳು ಪಾಲಿಸಿದವು? ನಮ್ಮ ಅನುಕೂಲದ ಕೊಳೆಯನ್ನು ಇನ್ನೊಬ್ಬ ತಾಯಿಯ ಕೈಗೆ ಹಚ್ಚುವುದು ಸಣ್ಣ ಪಾಪವೇನಲ್ಲ. ದಿವಂಗತ ಜಗದ್ಗುರು ಫ್ರಾನ್ಸಿಸರು 2015ರ ‘ಲೌದಾತೊ ಸಿ’ ವಿಶ್ವಪರಿಪತ್ರದಲ್ಲಿ ಬಳಸಿ ಬಿಸಾಡುವ ಸಂಸ್ಕೃತಿಯನ್ನು ಖಂಡಿಸಿದ್ದು ನಮ್ಮ ಮನೆಯ ಕಸದ ಬುಟ್ಟಿಗೂ ಅನ್ವಯಿಸುತ್ತದೆ.

ಆದರೂ ತಟ್ಟನೆ ‘ಅರಿವೆಗೆ ಮರಳಿರಿ’ ಎಂದು ಬೋಧಿಸಲು ನನ್ನ ಮನಸ್ಸು ಒಪ್ಪುವುದಿಲ್ಲ. ಪ್ಯಾಡು ನಮ್ಮ ಹುಡುಗಿಯರಿಗೆ ಬರಿಯ ಸುಖವಸ್ತುವಲ್ಲ. ಕಲೆಯಾದೀತೆಂಬ ಅಂಜಿಕೆಯಿಲ್ಲದೆ ತರಗತಿಯಲ್ಲಿ ಕೂಡುವ ಧೈರ್ಯವನ್ನು ಅದು ಕೊಟ್ಟಿದೆ. ರಾಜ್ಯ ಸರ್ಕಾರ 2013–14ರಲ್ಲಿ ‘ಶುಚಿ’ ಯೋಜನೆಯಡಿ ಶಾಲಾ ಹುಡುಗಿಯರಿಗೆ ಉಚಿತವಾಗಿ ಪ್ಯಾಡು ಕೊಡತೊಡಗಿತು. ನಡುವೆ ಕೆಲವು ವರ್ಷ ನಿಂತ ಯೋಜನೆ 2024ರಲ್ಲಿ ಮತ್ತೆ ಆರಂಭವಾಯಿತು. ನಿಂತ ವರ್ಷಗಳಲ್ಲಿ, ಕೊಳ್ಳಲು ಕಾಸಿಲ್ಲದ ಮನೆಯ ಹುಡುಗಿ ಹಳೆಯ ಅರಿವೆಗೇ ಮರಳದೆ ಇನ್ನೇನು ಮಾಡಿಯಾಳು?

ನೀರಿನ ಮಾತೂ ಇದೆ. ಉತ್ತರಕ್ಕೆ ಭೀಮೆ, ದಕ್ಷಿಣಕ್ಕೆ ಕೃಷ್ಣೆ, ಆಲಮಟ್ಟಿಯಲ್ಲಿ ಅಷ್ಟು ದೊಡ್ಡ ಜಲಾಶಯ. ಆದರೂ ಬೇಸಿಗೆಯಲ್ಲಿ ಕೊಡ ಹಿಡಿದು ನಿಲ್ಲುವವಳು ಹೆಣ್ಣುಮಗಳೇ. ಬಟ್ಟೆ ತೊಳೆಯಲು ಬೇಕಾದ ಎರಡು ಕೊಡ ನೀರು ಅವಳ ಸೊಂಟದ ಮೇಲೆಯೇ ಬರಬೇಕು. ದುಡಿಮೆಗೆಂದು ಗೋವೆಗೆ ಗುಳೆ ಹೋಗಿ, ತಗಡಿನ ಶೆಡ್ಡಿನಲ್ಲಿ ಇರುವವಳಿಗೆ ಬಾಗಿಲಿರುವ ಬಚ್ಚಲೂ ಇಲ್ಲ. ಮನೆಯಲ್ಲಿ ನಳವಿದ್ದು, ಬಚ್ಚಲಿಗೆ ಚಿಲಕವಿದ್ದು, ಬಟ್ಟೆ ಒಗೆಯುವ ಯಂತ್ರವಿದ್ದವರು ಅವಳಿಗೆ ಪರಿಸರದ ಪಾಠ ಹೇಳುವುದು ಎಷ್ಟರಮಟ್ಟಿಗೆ ನ್ಯಾಯ? ನಾನೇ ಒಪ್ಪಿ ಹೊತ್ತ ಭಾರ ತ್ಯಾಗ. ಇನ್ನೊಬ್ಬರ ತಲೆಯ ಮೇಲೆ ಹೊರಿಸಿದ ಭಾರ ದಬ್ಬಾಳಿಕೆ.

ಹಾಗಾದರೆ ಅರಿವೆಯ ಮಾತನ್ನೇ ಬಿಟ್ಟುಬಿಡೋಣವೇ? ಬಿಡುವಂತಿಲ್ಲ. ಏಕೆಂದರೆ ಅರಿವೆ ಹೋಗಿಯೇ ಇಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ, ದೇಶದ 15ರಿಂದ 24 ವರ್ಷದ ಹೆಣ್ಣುಮಕ್ಕಳಲ್ಲಿ ನೂರಕ್ಕೆ 64 ಮಂದಿ ಪ್ಯಾಡು ಬಳಸುತ್ತಾರೆ. ನೂರಕ್ಕೆ ಸುಮಾರು 50 ಮಂದಿ ಅರಿವೆಯನ್ನೂ ಬಳಸುತ್ತಾರೆ. ಎರಡನ್ನೂ ಬಳಸುವವರು ಎಷ್ಟೋ ಮಂದಿ. ಆದ್ದರಿಂದ ಅರಿವೆಗೆ ಮರಳಬೇಕೇ ಎಂಬುದಕ್ಕಿಂತ, ಈಗಲೂ ಅರಿವೆ ಬಳಸುವವರನ್ನು ನಾವು ಹೇಗೆ ನಡೆಸಿಕೊಳ್ಳುತ್ತಿದ್ದೇವೆ ಎಂಬುದು ದೊಡ್ಡ ಪ್ರಶ್ನೆ.

ಅರಿವೆ ತಾನಾಗಿ ಕೆಟ್ಟದ್ದಲ್ಲ. ಮೆತ್ತನೆಯ ಹತ್ತಿ ಬಟ್ಟೆಯನ್ನು ತಣ್ಣೀರಿನಲ್ಲಿ ನೆನೆಸಿ, ಸಾಬೂನು ಹಚ್ಚಿ ಚೆನ್ನಾಗಿ ತೊಳೆದು, ನೇರ ಬಿಸಿಲಿನಲ್ಲಿ ಗರಿಗರಿಯಾಗಿ ಒಣಗಿಸಿ, ಶುಚಿಯಾದ ಚೀಲದಲ್ಲಿಟ್ಟು, ನಾಲ್ಕಾರು ತಾಸಿಗೊಮ್ಮೆ ಬದಲಿಸಿದರೆ ಅದು ಆರೋಗ್ಯಕ್ಕೆ ತಕ್ಕದ್ದೇ. ಗುಂಡಿ ಹಚ್ಚಿ ಹೊಲಿದ ಆರೇಳು ಪ್ಯಾಡುಗಳಿದ್ದರೆ ವರ್ಷಗಟ್ಟಲೆ ಬಾಳುತ್ತವೆ. ಕೌದಿ ಹೊಲಿಯಬಲ್ಲ ನಮ್ಮ ತಾಯಂದಿರಿಗೆ ಇದೇನು ದೊಡ್ಡ ಕೆಲಸವಲ್ಲ. ಅರಿವೆಯನ್ನು ಕೆಡಿಸಿದ್ದು ಮುಚ್ಚುಮರೆ. ಮುಚ್ಚುಮರೆಗೆ ಕಾರಣ ನಾವು ಹೆಣ್ಣಿನ ಮೈಗೆ ಅಂಟಿಸಿದ ನಾಚಿಕೆ.

ಈ ನಾಚಿಕೆಯನ್ನು ಪ್ರಶ್ನಿಸುವುದು ನಮ್ಮ ನೆಲಕ್ಕೆ ಹೊಸದಲ್ಲ. ಬಸವನ ಬಾಗೇವಾಡಿ ಬಸವಣ್ಣನವರ ಹುಟ್ಟೂರು. ಹನ್ನೆರಡನೆಯ ಶತಮಾನದ ಶರಣರು ತಳ್ಳಿಹಾಕಿದ ಐದು ಸೂತಕಗಳಲ್ಲಿ ಮುಟ್ಟಿನ ಸೂತಕವೂ ಒಂದು. ಆದರೂ ಎಂಟು ನೂರು ವರ್ಷಗಳ ಬಳಿಕ ‘ಹೊರಗಾದವಳು’ ಎಂಬ ಮಾತು ನಮ್ಮ ನಾಲಿಗೆಯಿಂದ ಹೋಗಿಲ್ಲ. ಕ್ರೈಸ್ತರಾದ ನಮಗೆ ಶುಭಸಂದೇಶದ ಸಾಕ್ಷಿಯೂ ಇದೆ. ಹನ್ನೆರಡು ವರ್ಷ ರಕ್ತಸ್ರಾವದಿಂದ ಬಳಲಿದ ಹೆಂಗಸಿನ ಕಥೆಯನ್ನು ಸಂತ ಮಾರ್ಕ ಐದನೆಯ ಅಧ್ಯಾಯದಲ್ಲಿ ಹೇಳುತ್ತಾರೆ. ಯಾಜಕಕಾಂಡದ ನಿಯಮದಂತೆ ಆಕೆ ಮಲಗಿದ್ದು, ಕುಳಿತದ್ದೆಲ್ಲ ಮೈಲಿಗೆ, ಆಕೆಯನ್ನು ಮುಟ್ಟಿದವರೂ ಮೈಲಿಗೆ. ಆಕೆ ಜನಜಂಗುಳಿಯಲ್ಲಿ ಹಿಂದಿನಿಂದ ಬಂದು ಕದ್ದು ಮುಟ್ಟಿದಳು. ಪ್ರಭು ಆಕೆಯನ್ನು ಗದರಿಸಲಿಲ್ಲ, ಕೈ ತೊಳೆಯಲು ನೀರು ತರಿಸಲಿಲ್ಲ. ಎಲ್ಲರೆದುರು ಮಗಳೆಂದು ಕರೆದು, ಸಮಾಧಾನದಿಂದ ಕಳುಹಿಸಿದರು. ಮರೆಯಲ್ಲಿದ್ದವಳು ಬೆಳಕಿಗೆ ಬಂದಳು.

ಆದ್ದರಿಂದ ಪ್ಯಾಡೋ ಅರಿವೆಯೋ ಎಂಬ ತೀರ್ಮಾನ ಅವಳದೇ ಆಗಿರಲಿ. ಅವಳ ಮೈ, ಅವಳ ಕೆಲಸ, ಅವಳ ನೀರಿನ ಕಷ್ಟ ಅವಳಿಗೇ ಗೊತ್ತು. ಅನುಕೂಲವುಳ್ಳ ಮನೆಯವರು ಮೊದಲು ಬದಲಾಗಲಿ. ಪ್ಯಾಡು ಬಳಸುವವರು ಸುತ್ತಿ, ಗುರುತು ಮಾಡಿ ಬೇರೆಯಾಗಿ ಕೊಡಲಿ. ಉಳಿದದ್ದು ಮನೆಯ ಗಂಡಸರ ಕೆಲಸ. ಅಪ್ಪಂದಿರೇ, ಬಚ್ಚಲಿಗೊಂದು ಬಾಗಿಲು, ಬಾಗಿಲಿಗೊಂದು ಚಿಲಕ ಹಾಕಿಸಿ. ಅಣ್ಣತಮ್ಮಂದಿರೇ, ಆ ದಿನಗಳಲ್ಲಾದರೂ ಎರಡು ಕೊಡ ನೀರು ನೀವು ತನ್ನಿ. ತಾಯಂದಿರೇ, ನಿಮ್ಮ ತಾಯಿ ನಿಮಗೆ ಕಲಿಸಿದ ಅಂಜಿಕೆಯನ್ನು ಮಗಳಿಗೆ ದಾಟಿಸಬೇಡಿ.

ಮಾಳಿಗೆಯ ಹಗ್ಗದ ಮೇಲೆ ಗಂಡಸರ ಬನಿಯನ್ನಿಗೆ ಜಾಗವಿದೆಯಲ್ಲ? ಮಗಳ ಅರಿವೆಗೂ ಅಲ್ಲಿ ಒಂದು ಗೇಣು ಜಾಗವಿರಲಿ. ಅದನ್ನು ಕಂಡು ಮನೆಯಲ್ಲಿ ಯಾರೂ ಮುಖ ತಿರುಗಿಸದಿದ್ದರೆ ಸಾಕು.